ಹೊಟ್ಟೆಯ ಮೇಲಿನ ಚೀಲ, ಸುತ್ತಲಿನ ಚರ್ಮ

ಹನುಮಸಾಗರದಿಂದ ಸೋದರಿಯೊಬ್ಬರು ಬರೆದಿದ್ದಾರೆ. ಅವರ ಮಾವನವರಿಗೆ ಕರುಳಿನ ಶಸ್ತ್ರಚಿಕಿತ್ಸೆಯಾಗಿ, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದಿಟ್ಟು, ಚೀಲ ಹಾಕಿ ಮನೆಗೆ ಕಳಿಸಿದ್ದಾರೆ. ಎರಡು ತಿಂಗಳಾಯಿತಂತೆ. "ಸುತ್ತ ಚರ್ಮ ಸುಲದಂಗ ಆಗೇದ್ರಿ. ಉರಿ ಅಂತಾರ. ಅರಿಷಿಣ, ಕೊಬ್ಬರಿ ಎಣ್ಣಿ ಹಚ್ಚಿ ನೋಡಿದ್ವಿ, ಚೀಲ ನಿಲ್ಲವಲ್ದು. ಮೊಮ್ಮಗಳ ಲಗ್ನಕ್ಕೂ ಬರೂದಿಲ್ಲ ಅಂತ ಹಟ ಹಿಡದಾರ. ನಾ ಮುಟ್ಟಾಕ ಹೋದ್ರ ಸೊಸಿ ಕೈಲೆ ಬ್ಯಾಡ ಅಂತಾರ."

ತಂಗೀ, ಮೊದಲು ಆ ಎಣ್ಣೆ-ಅರಿಷಿಣ ನಿಲ್ಲಿಸಿರಿ. ಎಣ್ಣೆ ಹಚ್ಚಿದ ಮೈಗೆ ಅಂಟು ಹಿಡಿಯುವುದೆಂತು? ಚೀಲ ಜಾರುತ್ತದೆ, ಸೋರುತ್ತದೆ. ಸಣ್ಣ ಕರುಳಿನಿಂದ ಬರುವುದು ನೀರು ನೀರಾದ ಮಲ; ಅದರಲ್ಲಿ ಅನ್ನ ಅರಗಿಸುವ ರಸವೇ ಇರುತ್ತದೆ. ಅನ್ನವನ್ನು ಅರಗಿಸುವ ರಸ ಚರ್ಮವನ್ನು ಬಿಟ್ಟೀತೇ?

ಇನ್ನೊಂದು ಮಾತು. ಆಪರೇಷನ್ ಆದ ಹೊಸತರಲ್ಲಿ ಆ ಕರುಳಿನ ಬಾಯಿ (ವೈದ್ಯರು ಸ್ಟೋಮಾ ಎನ್ನುತ್ತಾರೆ) ಬಾತುಕೊಂಡಿರುತ್ತದೆ. ಆರೆಂಟು ವಾರಗಳಲ್ಲಿ ಕುಗ್ಗುತ್ತದೆ. ನೀವು ಮಾತ್ರ ಅಂಟುಬಿಲ್ಲೆಯ ತೂತನ್ನು ಆಸ್ಪತ್ರೆಯ ಅಳತೆಯಲ್ಲೇ ಕತ್ತರಿಸುತ್ತಿರಬಹುದು. ಆಗ ನಡುವೆ ಉಳಿದ ಚರ್ಮದ ಮೇಲೆ ಹಗಲೂ ರಾತ್ರಿ ಮಲ ನಿಲ್ಲುತ್ತದೆ. ನನಗೇನೋ ನಿಮ್ಮ ಮನೆಯ ತೊಂದರೆ ಇದೇ ಅನ್ನಿಸುತ್ತದೆ. ಈಗ ಹೊಸದಾಗಿ ಅಳೆಯಿರಿ. ತೂತು ಸ್ಟೋಮಾಕ್ಕಿಂತ ಸುತ್ತಲೂ 2 ಮಿಲಿಮೀಟರಿನಷ್ಟು, ಅಂದರೆ ಅರ್ಧ ಜೋಳದ ಕಾಳಿನಷ್ಟು, ದೊಡ್ಡದಿದ್ದರೆ ಸಾಕು.

ಚೀಲ ಬದಲಿಸಲು ಬೆಳಿಗ್ಗೆ, ಚಹಾಕ್ಕೂ ಮುಂಚೆ, ಒಳ್ಳೆಯ ಹೊತ್ತು. ಆಗ ಕರುಳು ಸುಮ್ಮನಿರುತ್ತದೆ. ಹಳೆಯದನ್ನು ಜಗ್ಗಿ ಕೀಳಬೇಡಿ. ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಒದ್ದೆ ಬಟ್ಟೆ ಆಡಿಸುತ್ತ ಮೇಲಿನಿಂದ ಕೆಳಕ್ಕೆ ಬಿಡಿಸಿರಿ. ಉಗುರುಬೆಚ್ಚಗಿನ ಬರೀ ನೀರಿನಿಂದ ತೊಳೆದರೆ ಆಯಿತು. ಡೆಟಾಲು, ಸ್ಪಿರಿಟ್ಟು, ವಾಸನೆಯ ಸೋಪು ಬೇಡವೇ ಬೇಡ. ಮೆತ್ತಗೆ ಒತ್ತಿ ಒರೆಸಿ ಪೂರ್ತಿ ಒಣಗಿಸಿ. ಒರೆಸುವಾಗ ಸ್ಟೋಮಾದಿಂದ ಚೂರು ರಕ್ತ ಕಂಡರೆ ಗಾಬರಿಯಾಗಬೇಡಿ, ಅದರ ಪೊರೆ ಅಷ್ಟು ನಾಜೂಕು. ಮುಟ್ಟಿದರೆ ನೋವೂ ಇರುವುದಿಲ್ಲ. ಚರ್ಮ ಸುಲಿದು ಒದ್ದೆಯಾಗಿರುವಲ್ಲಿ ಸ್ಟೋಮಾ ಪೌಡರು (ಮುಖದ ಪೌಡರಲ್ಲ!) ಉದುರಿಸಿ, ಹೆಚ್ಚಾದದ್ದನ್ನು ಝಾಡಿಸಿ, ಬಿಲ್ಲೆ ಅಂಟಿಸಿ, ಮೇಲೆ ಅಂಗೈ ಇಟ್ಟು ನಾಲ್ಕೈದು ನಿಮಿಷ ಕಾವು ಕೊಡಿ. ಅಂಟು ಚೆನ್ನಾಗಿ ಹಿಡಿಯುತ್ತದೆ.

ಚೀಲ ಮೂರನೇ ಒಂದು ಪಾಲು ತುಂಬಿದೊಡನೆ ಬರಿದು ಮಾಡಬೇಕು; ಭಾರಕ್ಕೆ ಜಗ್ಗಿದರೆ ಅಂಟು ಕೀಳುತ್ತದೆ. ಅಡಿಯಲ್ಲಿ ಉರಿ, ತುರಿಕೆ ಎಂದರೆ ಸೋರಿದೆ ಎಂದೇ ಅರ್ಥ. ಮೇಲೊಂದು ಟೇಪು ಹಚ್ಚಿ ನೂಕಬೇಡಿ, ಚೀಲ ದುಬಾರಿಯಾದರೂ ಸರಿ, ಬದಲಿಸಿ.

ನಿಮ್ಮ ಕಡೆಯ ಬಿಸಿಲು ಕೇಳಬೇಕೇ! ಚೀಲದಡಿ ಬೆವರು ನಿಂತು ಸಣ್ಣ ಸಣ್ಣ ಕೆಂಪು ಗುಳ್ಳೆ ಎದ್ದು ತುರಿಸಿದರೆ ಅದು ಬೂಷ್ಟಿನ ರೋಗವಿರಬಹುದು. ಅದಕ್ಕೆ ಬೇರೆಯೇ ಪುಡಿಯನ್ನು ವೈದ್ಯರು ಬರೆದುಕೊಡುತ್ತಾರೆ. ಹಳೆಯ ಮೆತ್ತನೆ ನೂಲಿನ ಸೀರೆಯಲ್ಲಿ ಚೀಲಕ್ಕೊಂದು ಗವಸು ಹೊಲಿಯಿರಿ, ಪ್ಲಾಸ್ಟಿಕ್ಕು ಮೈಗೆ ತಾಗುವುದಿಲ್ಲ. ಮಾವನವರು ಧೋತರ ಉಡುವವರಾದರೆ ಗಂಟು ಸ್ಟೋಮಾದ ಮೇಲೆ ಬಾರದಂತೆ ಉಡಲಿ.

ಇನ್ನು ಅವರ ನಾಚಿಕೆ. ಅದಕ್ಕೆ ನೀವು ಕೈ ಹಾಕಬೇಕೆಂದೇ ಇಲ್ಲ, ಅವರೇ ಕಲಿಯಲಿ. ಎದುರಿಗೊಂದು ಕನ್ನಡಿ ಇಟ್ಟು, ಬಿಲ್ಲೆ ಕತ್ತರಿಸಿ, ಸಾಮಾನೆಲ್ಲ ಜೋಡಿಸಿ ನೀವು ಹೊರಗೆ ಬನ್ನಿ. ಅಮೆರಿಕದಲ್ಲಿ ನಾರ್ಮಾ ಗಿಲ್ ಎಂಬಾಕೆಗೂ ಇಂಥದೇ ಆಪರೇಷನ್ ಆಗಿತ್ತು. ಆಕೆ ನರ್ಸಲ್ಲ, ಮಕ್ಕಳೊಂದಿಗ ಗೃಹಿಣಿ. 1958ರಲ್ಲಿ ಡಾ. ಟರ್ನ್‌ಬುಲ್ ಆಕೆಯನ್ನೇ ಕರೆದು, ಇತರ ರೋಗಿಗಳಿಗೆ ಈ ಆರೈಕೆ ಕಲಿಸುವ ಕೆಲಸಕ್ಕೆ ಇಟ್ಟರು. ಆಗ ಚರ್ಮಕ್ಕೆ ಹಚ್ಚುತ್ತಿದ್ದ ಕರಾಯ ಗೋಂದು ಬರುವುದು ನಮ್ಮ ದೇಶದ ಕಾಡುಮರದಿಂದಲೇ!

ಸ್ಟೋಮಾ ಕಪ್ಪಾದರೆ, ಕಡುನೇರಳೆಯಾದರೆ, ನಾಲ್ಕಾರು ತಾಸು ಏನೂ ಬಾರದೆ ಹೊಟ್ಟೆ ಉಬ್ಬಿ ವಾಂತಿಯಾದರೆ, ಅಥವಾ ಚೀಲ ಮತ್ತೆ ಮತ್ತೆ ನೀರೇ ತುಂಬಿ ಮೂತ್ರ ಕಡಿಮೆಯಾದರೆ ಅಂದೇ ಆಸ್ಪತ್ರೆಗೆ ಹೊರಡಿ. ಸುಲಿದ ಚರ್ಮ ಈ ಆರೈಕೆಯಿಂದ ಒಂದು ವಾರದಲ್ಲಿ ಇಳಿಮುಖವಾಗದಿದ್ದರೂ ಆಪರೇಷನ್ ಮಾಡಿದ ವೈದ್ಯರನ್ನು ಕಾಣಿರಿ. ಹೋಗುವಾಗ ಬಿಚ್ಚಿದ ಹಳೇ ಬಿಲ್ಲೆಯನ್ನು ಎಸೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ. ಅದರ ಬೆನ್ನು ನೋಡಿದರೆ ಎಲ್ಲಿ ಸೋರಿದೆಯೆಂದು ಅವರಿಗೆ ಗೊತ್ತಾಗುತ್ತದೆ.