ಎಂಟು ಕೋರಿಗೂ ಓದಲು ಬಾರದ ಕನ್ನಡ

"ಏನಲೇ, ಇನ್ನೂ ಆ ಡಬ್ಬಾ ಹಿಡಕೊಂಡು ಕುಂತಿಯಲ್ಲ? ಮುಂದಿನ ರೈಜನ್ ಬರಲಿ ತಡಿ, ಇಂಟೆಲ್ ಮಣ್ಣು ಮುಕ್ಕತೈತಿ!"

ಧಾರವಾಡದ ನಮ್ಮ ಹಾಸ್ಟೆಲಿನಲ್ಲಿ ಊಟದ ನಂತರದ ವಾದ ಹೀಗೆ ಶುರುವಾಗುತ್ತದೆ. ಕುಸ್ತಿ ಕಣದ ಸುತ್ತ ನಿಂತವರ ಹುರುಪೇ ಇಲ್ಲಿಯೂ. ಪೈಲ್ವಾನರು ಮಾತ್ರ ನಮ್ಮನ್ನು ಕಂಡವರಲ್ಲ.

ಪೈಪೋಟಿ ಬೇಡವೆಂಬ ವಾದ ನನ್ನದಲ್ಲ. ಸುಮಾರು ಹತ್ತು ವರ್ಷ ಇಂಟೆಲ್ ಸಾಮಾನ್ಯ ಡೆಸ್ಕ್‌ಟಾಪುಗಳಲ್ಲಿ ನಾಲ್ಕು ಕೋರು ದಾಟಲೇ ಇಲ್ಲ. 2017ರ ಮಾರ್ಚ್‌ನಲ್ಲಿ ಎಎಂಡಿ ಎಂಟು ಕೋರಿನ ರೈಜನ್ ತಂದಿತು. ಅದೇ ಅಕ್ಟೋಬರಿನಲ್ಲಿ ಇಂಟೆಲ್‌ನ ಆರು ಕೋರು ಹೊರಬಂತು! ಎದುರಾಳಿ ಇಲ್ಲದಿದ್ದರೆ ದೊಡ್ಡ ಕಂಪನಿ ನಿದ್ದೆ ಹೊಡೆಯುತ್ತದೆ, ಒಪ್ಪೋಣ.

ಬೆಂಗಳೂರಿನ ಹೆಮ್ಮೆಯೂ ಸುಳ್ಳಲ್ಲ. 2008ರ ಆರು ಕೋರಿನ ಜಿಯಾನ್ 7400 ಅನ್ನು ವಿನ್ಯಾಸ ಮಾಡಿದ್ದು ಇಂಟೆಲ್‌ನ ಬೆಂಗಳೂರು ತಂಡ. ಎಎಂಡಿ ಕೂಡ 2023ರಲ್ಲಿ ಅಲ್ಲಿ ದೊಡ್ಡ ಕ್ಯಾಂಪಸ್ ತೆರೆಯಿತು. ಆದರೆ ಈ ಓಟದಲ್ಲಿ ಕನ್ನಡ ಎಲ್ಲಿದೆ?

ಹೋದ ತಿಂಗಳು ಹಿರಿಯ ಸಂಶೋಧಕರೊಬ್ಬರು ತಮ್ಮ ಹಳೆಯ ಜನಪದ ಗೀತೆಗಳ ಟಿಪ್ಪಣಿಗಳನ್ನು ಪೆನ್‌ಡ್ರೈವಿನಲ್ಲಿ ಕೊಟ್ಟರು. ಅದೇ ಗೆಳೆಯನ ಎಂಟು ಕೋರಿನ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದೆವು. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಆ ಫಾಂಟು ಇಲ್ಲದಿದ್ದರೆ ಕಂಪ್ಯೂಟರಿಗೆ ಅದು ಕನ್ನಡವೆಂದೇ ತಿಳಿಯದು, ಕೋರು ಎಂಟಿರಲಿ, ಎಂಬತ್ತಿರಲಿ. 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು. ಬದಲಾಗಲು ತಡ ಮಾಡಿದವರು ನಾವು.

ಪರಿವರ್ತನೆಯನ್ನು ನನ್ನ ಎರಡು ಕೋರಿನ ಡಬ್ಬಾ ಕೆಲವೇ ಸೆಕೆಂಡಿನಲ್ಲಿ ಮುಗಿಸಿತು. ತಪ್ಪಿದ ಒತ್ತಕ್ಷರ, ಜಾಗ ಬಿಟ್ಟ ಅರ್ಕಾವತ್ತು ತಿದ್ದಲು ನನಗೆ ಒಂಬತ್ತು ದಿನ ಬೇಕಾಯಿತು. ಇನ್ನೂ ಅರ್ಧ ಬಾಕಿ. ಈ ಒಂಬತ್ತು ದಿನವನ್ನು ಅಳೆಯುವ ಬೆಂಚ್‌ಮಾರ್ಕ್ ಯಾವುದೂ ಇಲ್ಲ.

ಈಗಿನ ಹೊಸ ಪಂದ್ಯ ಎನ್‌ಪಿಯುಗಳದ್ದು. ಮೈಕ್ರೋಸಾಫ್ಟ್ ತನ್ನ 'ಕೋಪೈಲಟ್ ಪ್ಲಸ್' ಕಂಪ್ಯೂಟರುಗಳಿಗೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕದ ಶಕ್ತಿ ಬೇಕೆನ್ನುತ್ತದೆ. ಇಂಟೆಲ್, ಎಎಂಡಿ ಎರಡೂ ಅದನ್ನು ದಾಟಿವೆ. ಸರಿ, ಅಷ್ಟು ಹಸಿದ ಯಂತ್ರಕ್ಕೆ ಓದಲು ಕೊಡುವ ಕನ್ನಡ ಪೆನ್‌ಡ್ರೈವುಗಳಲ್ಲಿ ಕೊಳೆಯುತ್ತಿದ್ದರೆ ಅದು ಯಾರ ಕನ್ನಡ ಕಲಿಯಬೇಕು? ಹೊಸ ಚಿಪ್ಪಿಗಾಗಿ ಸಾಲ ಮಾಡುವ ನಾವು ಹಳೆಯ ಫೈಲಿಗಾಗಿ ಒಂದು ಭಾನುವಾರ ಕೊಡುವುದಿಲ್ಲ.

ಮುಂದಿನ ರೈಜನ್‌ಗೆ ಕಾಯುತ್ತಿರುವ ಗೆಳೆಯನಿಗೆ ನಿನ್ನೆ ಹತ್ತು ಪುಟ ಕೊಟ್ಟಿದ್ದೇನೆ. "ಅದು ಬರೂತನಾ ಇದನ್ನ ತಿದ್ದಲೇ" ಅಂದೆ. ಬೈದುಕೊಳ್ಳುತ್ತಲೇ ಒಯ್ದಿದ್ದಾನೆ.