ನಮ್ಮ ಚೀಲದಲ್ಲಿ ಯಾರ ಬಾಟಲಿ?

ವಿಹಾರ ನೌಕೆಗಳ ನಿಯಮಾವಳಿಯಲ್ಲಿ ಒಂದು ಷರತ್ತು ಸಾಮಾನ್ಯವಾಗಿ ಕಾಣಸಿಗುತ್ತದೆ: ಪ್ರಯಾಣಿಕರು ತಮ್ಮ ಸ್ವಂತ ಬಿಯರನ್ನಾಗಲಿ ಇತರ ಮದ್ಯವನ್ನಾಗಲಿ ಹಡಗಿನೊಳಗೆ ತರುವಂತಿಲ್ಲ. ಕಾರ್ನಿವಲ್, ರಾಯಲ್ ಕೆರಿಬಿಯನ್ ಮುಂತಾದ ಅಮೆರಿಕದ ಕಂಪೆನಿಗಳು ಹಡಗು ಹತ್ತುವ ದಿನ ವಯಸ್ಕನೊಬ್ಬನಿಗೆ 750 ಮಿಲಿಲೀಟರಿನ ಒಂದು ವೈನ್ ಬಾಟಲಿಯನ್ನು ಬಿಡುತ್ತವೆ. ಚೀಲದಲ್ಲಿ ಬಿಯರ್ ಸಿಕ್ಕರೆ ತೆಗೆದುಕೊಳ್ಳುತ್ತವೆ. ಬಾಯಿ ಮುಕ್ಕಳಿಸುವ ಔಷಧದ ಬಾಟಲಿಯಲ್ಲಿ ಮದ್ಯ ತುಂಬಿ, ಅದಕ್ಕೆ ಹಸಿರು ಬಣ್ಣ ಬೆರೆಸಿ ಕೊಂಡೊಯ್ಯುವ ಪ್ರಯಾಣಿಕರೂ ಇದ್ದಾರೆ. ಈ ನಿಷೇಧವನ್ನು ಕೇಳಿ ನಮ್ಮಲ್ಲಿ ಯಾರಾದರೂ ಸಂತೋಷಪಟ್ಟರೆ ಆ ಸಂತೋಷ ಹೆಚ್ಚು ಹೊತ್ತು ಉಳಿಯದು. ಹಡಗಿನ ಒಳಗೆ ಮಹಡಿ ಮಹಡಿಯಲ್ಲೂ ಪಾನಗೃಹಗಳಿವೆ, ಅಲ್ಲಿ ಮಾರಾಟವಾಗುವ ಮದ್ಯವೇ ಕಂಪೆನಿಯ ಆದಾಯದ ದೊಡ್ಡ ಮೂಲಗಳಲ್ಲೊಂದು. ಕುಡಿಯಬೇಡಿ ಎಂದು ಅವರು ಹೇಳುತ್ತಿಲ್ಲ. ನಮ್ಮಲ್ಲೇ ಕೊಂಡು ಕುಡಿಯಿರಿ ಎನ್ನುತ್ತಿದ್ದಾರೆ.

2021ರಿಂದ ಮುಂಬಯಿ ಬಂದರಿನಿಂದಲೂ ಕಾರ್ಡೀಲಿಯಾ ಕಂಪೆನಿಯ ಇಂತಹ ವಿಹಾರ ನೌಕೆ ಹೊರಡುತ್ತಿದೆ. ಹೈದರಾಬಾದ್, ಪುಣೆಗಳ ಕಂಪೆನಿಗಳಲ್ಲಿ ದುಡಿಯುವ ನಮ್ಮ ಬೀದರಿನ ಯುವಕರಿಗೆ ಸಹೋದ್ಯೋಗಿಗಳೊಡನೆ ಇಂತಹ ಪ್ರವಾಸ ಈಗ ದೂರದ ಮಾತಲ್ಲ. ಹಡಗಿನಲ್ಲಿ ಮದ್ಯ ಕುಡಿಯಬೇಕೇ ಎಂಬ ಪ್ರಶ್ನೆ ಆ ಯುವಕನಿಗೆ ಏಳುವುದೇ ಇಲ್ಲ. ಅದರ ಉತ್ತರ ಅವನಿಗೆ ಬಾಲ್ಯದಿಂದಲೇ ಗೊತ್ತು. ಅವನ ಮುಂದೆ ಬರುವ ಪ್ರಶ್ನೆ ಬೇರೆ. "ಹೇಗೂ ನೀನು ಕುಡಿಯುವವನಲ್ಲ. ನಿನ್ನ ಪಾಲು ಖಾಲಿಯೇ ಇದೆ. ಇದೊಂದನ್ನು ನಿನ್ನ ಚೀಲದಲ್ಲಿ ಇಟ್ಟುಕೋ." ಕೇಳುವವನು ಗೆಳೆಯ. ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ.

ಈ ಮಾತನ್ನು ಕೇಳಲು ಸಮುದ್ರದವರೆಗೆ ಹೋಗಬೇಕಾಗಿಯೂ ಇಲ್ಲ. ವಿದೇಶದಿಂದ ಮರಳುವ ವಯಸ್ಕನೊಬ್ಬ 2 ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಲು ನಮ್ಮ ದೇಶದ ಕಸ್ಟಮ್ಸ್ ನಿಯಮ ಅವಕಾಶ ಕೊಟ್ಟಿದೆ. ದುಬೈಯಿಂದ ಬರುವವನಿಗೆ ಹೊರಡುವ ಮುನ್ನವೇ ಫೋನ್ ಬರುತ್ತದೆ. ಸೌದಿಯಿಂದ ಬರುವವನಿಗೂ ವಿನಾಯಿತಿಯಿಲ್ಲ, ಏಕೆಂದರೆ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೂ ಸುಂಕಮುಕ್ತ ಅಂಗಡಿ ಎದುರಾಗುತ್ತದೆ. ಒಂದು ಕೈಯಲ್ಲಿ ಝಮ್‌ಝಮ್ ನೀರಿನ ಡಬ್ಬಿ, ಇನ್ನೊಂದು ಕೈಯಲ್ಲಿ ಪರಿಚಯಸ್ಥರಿಗೆಂದು ಕೊಂಡ ಬಾಟಲಿ. ಇದನ್ನು ಬರೆಯಲು ನಮಗೆ ಸಂಕೋಚವಾಗುತ್ತದೆ.

ನಮ್ಮ ಜಿಲ್ಲೆಯ ಸ್ಥಾನವೂ ಇದಕ್ಕೆ ಅನುಕೂಲಕರವಾಗಿದೆ. ಬೀದರಿನಿಂದ ಜಹೀರಾಬಾದಿನ ಕಡೆಗೆ ಹೊರಟರೆ ತೆಲಂಗಾಣ, ಭಾಲ್ಕಿಯಿಂದ ಉದಗೀರಿನ ಕಡೆಗೆ ಹೊರಟರೆ ಮಹಾರಾಷ್ಟ್ರ, ಔರಾದಿನಿಂದ ದೇಗಲೂರಿನ ಕಡೆಗೂ ಮಹಾರಾಷ್ಟ್ರವೇ. ಮೂರು ರಾಜ್ಯಗಳಿಗೆ ಮೂರು ಅಬಕಾರಿ ನೀತಿ, ಮೂರು ತೆರಿಗೆ, ಮೂರು ಬೆಲೆ. ಒಂದೆಡೆ ದುಬಾರಿಯಾದರೆ ಇನ್ನೊಂದೆಡೆಯಿಂದ ತರಿಸುವವರಿದ್ದಾರೆ. ಚುನಾವಣೆಯ ಮುನ್ನ ಇಲ್ಲಿ ಅಂಗಡಿ ಮುಚ್ಚಿದರೆ ಗಡಿಯಾಚೆ ನೋಡುವವರಿದ್ದಾರೆ. ತರುವುದು ಯಾರ ಗಾಡಿಯಲ್ಲಿ? ಆಟೋ, ಟೆಂಪೋ, ಕ್ರೂಸರ್ ಓಡಿಸುವವರಲ್ಲಿ ನಮ್ಮ ಸಮುದಾಯದವರು ಎಷ್ಟು ಜನರಿದ್ದಾರೆಂದು ನಾವೆಲ್ಲ ಬಲ್ಲೆವು. "ಭಾಯಿ, ನಿಮ್ಮ ಸೀಟಿನ ಕೆಳಗೆ ಇಡಿ, ನಿಮ್ಮನ್ನು ಯಾರು ಅನುಮಾನಿಸುತ್ತಾರೆ?" ಎಂಬ ಮಾತಿನಲ್ಲಿ ಒಂದು ಹೊಗಳಿಕೆಯಿದೆ. ನಮ್ಮ ಹಿರಿಯರು ತಲೆಮಾರುಗಳಿಂದ ಮದ್ಯದಿಂದ ದೂರವಿದ್ದು ಗಳಿಸಿದ ಹೆಸರು ಇಲ್ಲಿ ಬಾಟಲಿಗೆ ಹೊದಿಕೆಯಾಗುತ್ತಿದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಬೇಗ ಹೇಳಿ ಮುಗಿಸೋಣ. ಬೇರೆ ರಾಜ್ಯದ ಮದ್ಯವನ್ನು ಅನುಮತಿಯಿಲ್ಲದೆ ತರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಸಿಕ್ಕಿಬಿದ್ದರೆ ವಾಹನವೂ ಜಪ್ತಿಯಾಗಬಹುದು. ಬಾಡಿಗೆಗೆ ಕೊಟ್ಟವರು ಮರುದಿನ ಬೇರೆ ಗಾಡಿ ಹುಡುಕಿಕೊಳ್ಳುತ್ತಾರೆ, ಸಾಲದ ಕಂತು ಚಾಲಕನ ತಲೆಯ ಮೇಲೆ ಉಳಿಯುತ್ತದೆ. ಆದರೆ ಕಾನೂನಿನ ಭಯವೇ ನಮಗೆ ಆಧಾರವಾಗಬಾರದು. ಸರಕಾರದ ಕಾಳಜಿ ಹಡಗಿನ ಕಂಪೆನಿಯ ಕಾಳಜಿಗಿಂತ ಬಹಳ ಭಿನ್ನವೇನಲ್ಲ. 2007ರ ಜುಲೈಯಲ್ಲಿ ಸಾರಾಯಿಯನ್ನು ನಿಷೇಧಿಸಿದ ಇದೇ ಕರ್ನಾಟಕಕ್ಕೆ ಇಂದು ಇತರ ಮದ್ಯಗಳಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಆದಾಯವಿದೆ. ತೆರಿಗೆ ಕಟ್ಟಿದ ಬಾಟಲಿ ಸರಕಾರದ ಕಣ್ಣಿಗೆ ನಿರ್ದೋಷಿ. ಸುಂಕದ 2 ಲೀಟರ್ ಕೂಡ ಹಾಗೆಯೇ. ಅದನ್ನು ತಂದವನ ಮೇಲೆ ಯಾವ ಅಧಿಕಾರಿಯೂ ಕೈಯಿಡಲಾರ. ಆದ್ದರಿಂದಲೇ ಅಲ್ಲಿ ನಮ್ಮನ್ನು ತಡೆಯಬಲ್ಲದ್ದು ನಮ್ಮ ವಿಶ್ವಾಸವೊಂದೇ.

ಮದ್ಯವು ಸೈತಾನನ ಹೊಲಸು ಕೃತ್ಯಗಳಲ್ಲಿ ಸೇರಿದ್ದು, ಅದರಿಂದ ದೂರವಿರಬೇಕು ಎಂದು ಪವಿತ್ರ ಕುರ್‌ಆನಿನ ಅಲ್ ಮಾಇದಾ ಅಧ್ಯಾಯದ 90ನೆಯ ಸೂಕ್ತಿ ಸತ್ಯವಿಶ್ವಾಸಿಗಳಿಗೆ ಆದೇಶಿಸುತ್ತದೆ. ಅಲ್ಲಿರುವ ಆಜ್ಞೆ ಕುಡಿಯಬೇಡಿ ಎಂಬಷ್ಟಕ್ಕೆ ನಿಲ್ಲದೆ ದೂರವಿರಿ ಎಂಬವರೆಗೆ ಹೋಗಿದೆ. ಮದ್ಯಕ್ಕೆ ಸಂಬಂಧಿಸಿದಂತೆ ಹತ್ತು ಮಂದಿ ಶಾಪಗ್ರಸ್ತರೆಂದು ತಿಳಿಸುವ ಹದೀಸನ್ನು ಅನಸ್(ರ)ರಿಂದ ಇಮಾಮ್ ತಿರ್ಮಿದಿ ವರದಿ ಮಾಡಿದ್ದಾರೆ. ಹಿಂಡುವವನು, ಕುಡಿಯುವವನು, ಮಾರುವವನು, ಅದರ ಬೆಲೆಯನ್ನು ತಿನ್ನುವವನು ಅದರಲ್ಲಿದ್ದಾರೆ. ಹೊರುವವನೂ ಇದ್ದಾನೆ, ಯಾರಿಗಾಗಿ ಹೊರಲಾಯಿತೋ ಅವನೂ ಇದ್ದಾನೆ. ನಮ್ಮ ಮೊಹಲ್ಲಾಗಳಲ್ಲಿ ಕುಡಿಯುವವನ ಮಗಳಿಗೆ ಸಂಬಂಧ ಕೂಡಿಬರುವುದು ಕಷ್ಟ. ಹೊತ್ತು ತಂದವನು ಮಾತ್ರ ಮೊದಲ ಸಾಲಿನಲ್ಲಿ ನಿಶ್ಚಿಂತೆಯಿಂದ ನಿಲ್ಲುತ್ತಾನೆ. ಹದೀಸಿನಲ್ಲಿ ಅವರಿಬ್ಬರೂ ಒಂದೇ ಪಟ್ಟಿಯಲ್ಲಿದ್ದಾರೆ.

ಇಬ್ನು ಅಬ್ಬಾಸ್(ರ)ರು ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ಘಟನೆ ನಮ್ಮ ಈ ವಿಷಯಕ್ಕೆ ಇನ್ನೂ ಹತ್ತಿರದ್ದು. ಒಬ್ಬ ವ್ಯಕ್ತಿ ಮದ್ಯ ತುಂಬಿದ ತೊಗಲಿನ ಚೀಲವನ್ನು ಪ್ರವಾದಿ(ಸ)ಯವರಿಗೆ ಉಡುಗೊರೆಯಾಗಿ ತಂದರು. ಅದು ನಿಷಿದ್ಧವಾಗಿರುವುದು ಅವರಿಗೆ ತಿಳಿದಿರಲಿಲ್ಲ. ತಿಳಿದೊಡನೆ ಪಕ್ಕದಲ್ಲಿದ್ದವನ ಕಿವಿಯಲ್ಲಿ ಏನನ್ನೋ ಪಿಸುಗುಟ್ಟಿದರು. ಏನು ಹೇಳಿದಿರೆಂದು ಪ್ರವಾದಿ(ಸ) ವಿಚಾರಿಸಿದಾಗ, ಅದನ್ನು ಮಾರಿಬಿಡಲು ಹೇಳಿದೆನೆಂದರು. ಕುಡಿಯುವುದನ್ನು ನಿಷೇಧಿಸಿದವನು ಮಾರುವುದನ್ನೂ ನಿಷೇಧಿಸಿದ್ದಾನೆಂದು ಪ್ರವಾದಿ(ಸ) ತಿಳಿಸಿದರು. ಆ ವ್ಯಕ್ತಿ ಚೀಲದ ಬಾಯಿ ಬಿಚ್ಚಿ ಒಳಗಿದ್ದುದನ್ನೆಲ್ಲ ಸುರಿದುಬಿಟ್ಟರು. ನಾನಂತೂ ಕುಡಿಯುವುದಿಲ್ಲ, ಬೇಕಾದವರಿಗೆ ತಲುಪಲಿ ಎಂಬ ಆಲೋಚನೆ ಅಂದೇ ಒಬ್ಬ ಒಳ್ಳೆಯ ಮನುಷ್ಯನ ಮನಸ್ಸಿಗೆ ಬಂದಿತ್ತು. ಅಲ್ಲೇ ಅದಕ್ಕೆ ಉತ್ತರವೂ ದೊರೆಯಿತು.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ನಮ್ಮಲ್ಲಿ ಬಹುತೇಕರು ಹನಫೀ ಮದ್‌ಹಬಿನವರು. ಮುಸ್ಲಿಮೇತರನ ಮದ್ಯವನ್ನು ಕೂಲಿಗೆ ಹೊತ್ತವನ ಕೂಲಿ ಸಮ್ಮತವೆಂದು ಇಮಾಮ್ ಅಬೂ ಹನೀಫಾರು ಹೇಳಿದ್ದಾರಲ್ಲ ಎಂದು ಓದಿಕೊಂಡ ಯುವಕರು ಕೇಳುವುದುಂಟು. ಹೌದು, ಫಿಕ್ಹ್ ಗ್ರಂಥಗಳಲ್ಲಿ ಆ ಅಭಿಪ್ರಾಯವಿದೆ. ಅವರ ಶಿಷ್ಯರಾದ ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಅದನ್ನು ಒಪ್ಪದೆ ಮಕ್ರೂಹ್ ಎಂದದ್ದೂ ಅದೇ ಗ್ರಂಥಗಳಲ್ಲಿದೆ. ಆ ಚರ್ಚೆ ಹೊಟ್ಟೆಪಾಡಿಗಾಗಿ ಹೊರೆ ಹೊರುವ ಬಡ ಕೂಲಿಯವನ ಕುರಿತದ್ದು. ಗೆಳೆಯನ ಮನಸ್ಸು ನೋಯದಿರಲೆಂದು ಸುಂಕಮುಕ್ತ ಅಂಗಡಿಯಲ್ಲಿ ಸಾಲು ನಿಲ್ಲುವವನಿಗೆ, ತಪಾಸಣೆಯವರ ಕಣ್ಣು ತಪ್ಪಿಸಿ ಗಡಿ ದಾಟಿಸುವವನಿಗೆ ಅದು ಆಸರೆಯಾದೀತೆಂದು ನಮಗೆ ಅನಿಸುವುದಿಲ್ಲ. ಹಾಗೆಯೇ, ಬಾಡಿಗೆಗೆ ಹತ್ತಿದ ಪ್ರಯಾಣಿಕನ ಸ್ವಂತ ಚೀಲದಲ್ಲಿ ಏನಿದೆಯೆಂದು ಚಾಲಕ ಬಿಚ್ಚಿ ನೋಡಬೇಕೆಂದು ನಾವು ಹೇಳುತ್ತಿಲ್ಲ. ಅವನು ಸಾಗಿಸುತ್ತಿರುವುದು ಮನುಷ್ಯರನ್ನು. ತಿಳಿದೂ ತನ್ನ ಸೀಟಿನ ಕೆಳಗೆ ಇಟ್ಟುಕೊಳ್ಳುವುದು ಬೇರೆ ಸಂಗತಿ. ಎರಡರ ನಡುವಿನ ಸಂದೇಹಾಸ್ಪದ ಸಂದರ್ಭಗಳನ್ನು ತಮ್ಮ ಊರಿನ ಆಲಿಮರ ಬಳಿ ಕೇಳಿ ತಿಳಿಯುವುದು ಒಳಿತು.

ಇಲ್ಲವೆನ್ನುವ ರೀತಿಯ ಬಗ್ಗೆಯೂ ಒಂದು ಮಾತು. ಕೇಳಿದವನನ್ನು ಕೀಳಾಗಿ ಕಂಡು ಉಪದೇಶ ಮಾಡಬೇಕಾಗಿಲ್ಲ. ಹೀಗೆ ಕೇಳುವವರಲ್ಲಿ ನಮ್ಮವರೂ ಇದ್ದಾರೆಂಬುದನ್ನು ಮರೆಯಬಾರದು. ಭಾಲ್ಕಿ, ಬಸವಕಲ್ಯಾಣಗಳ ಶರಣ ಪರಂಪರೆಯ ಎಷ್ಟೋ ಮನೆಗಳಲ್ಲಿ ಮದ್ಯಕ್ಕೆ ಹೊಸಿಲಿನೊಳಗೆ ಪ್ರವೇಶವಿಲ್ಲ ಎಂಬುದನ್ನೂ ಮರೆಯಬಾರದು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ ಎಂದು ಬೇಡುತ್ತಿದ್ದರು. ನೆರೆಮನೆಯ ಹಿರಿಯರು ಚಟವನ್ನು ಬಿಡಿಸಲೆಂದು ಚೀಲ ಹಿಡಿದ ನಾಡಿನಲ್ಲಿ ನಾವು ಚಟವನ್ನು ತಲುಪಿಸಲೆಂದು ಚೀಲ ಹಿಡಿಯುವಂತಾಗಬಾರದು. "ಇದು ನನ್ನಿಂದ ಆಗದು, ಬೇರೇನಾದರೂ ಹೇಳು, ಖಂಡಿತ ತರುತ್ತೇನೆ" ಎಂದು ನಗುಮುಖದಿಂದ ಹೇಳಿದವನ ಗೆಳೆತನ ಮುರಿದದ್ದನ್ನು ನಾವು ಕಂಡಿಲ್ಲ. ಗೆಳೆಯನಿಗೆ ಖರ್ಜೂರದ ಡಬ್ಬಿಯನ್ನು ಕೊಟ್ಟರೆ ಅವನ ತಾಯಿಯೂ ಸಂತೋಷಪಡುತ್ತಾಳೆ.

ಹಡಗಿನ ಮಾತು ಬಂದುದರಿಂದ ನೆನಪಾಗುತ್ತದೆ. 1995ರವರೆಗೆ ನಮ್ಮ ದೇಶದ ಹಾಜಿಗಳು ಮುಂಬಯಿಯಿಂದ ಜಿದ್ದಾಕ್ಕೆ ಹಡಗಿನಲ್ಲಿಯೂ ಹೋಗುತ್ತಿದ್ದರು, ಎಂ.ವಿ. ಅಕ್ಬರಿ ಅಂತಹ ಕೊನೆಯ ಹಡಗು. ದಿನಗಟ್ಟಲೆಯ ಆ ಪ್ರಯಾಣಕ್ಕೆ ಪೆಟ್ಟಿಗೆಯಲ್ಲಿ ಏನನ್ನು ಇಡಬೇಕೆಂದು ತಿಂಗಳುಗಟ್ಟಲೆ ಮನೆಮಂದಿಯೆಲ್ಲ ಯೋಚಿಸುತ್ತಿದ್ದ ಕಾಲ ಅದು. ಹಜ್ಜ್‌ಗೆ ಹೊರಡುವವರು ಬುತ್ತಿ ಕಟ್ಟಿಕೊಳ್ಳಬೇಕು, ಬುತ್ತಿಗಳಲ್ಲಿ ಶ್ರೇಷ್ಠವಾದುದು ತಖ್ವಾ ಎಂಬುದು ಅಲ್ ಬಕರಾ ಅಧ್ಯಾಯದ ಬೋಧನೆ. ಯಮನಿನ ಕೆಲವರು ದೇವನ ಮೇಲೆ ಭರವಸೆಯಿದೆಯೆಂದು ಬರಿಗೈಯಲ್ಲಿ ಹೊರಟು, ಮಕ್ಕಾದಲ್ಲಿ ಜನರ ಬಳಿ ಬೇಡುತ್ತಿದ್ದ ಸಂದರ್ಭದಲ್ಲಿ ಆ ಸೂಕ್ತಿ ಅವತೀರ್ಣವಾಯಿತೆಂದು ಇಬ್ನು ಅಬ್ಬಾಸ್(ರ) ತಿಳಿಸಿದ್ದಾರೆ. ಚೀಲದಲ್ಲಿ ಏನಿರಬೇಕೆಂಬುದು ನಮ್ಮ ಧರ್ಮಕ್ಕೆ ಕ್ಷುಲ್ಲಕ ವಿಷಯವಾಗಿರಲಿಲ್ಲ.

ಆದರೆ ಈ ಮಾತುಗಳನ್ನೆಲ್ಲ ಚಾಲಕನ ಮುಂದಿಟ್ಟು ನಾವು ಕೈತೊಳೆದುಕೊಳ್ಳುವಂತಿಲ್ಲ. ಮದುವೆಯ ಹಂಗಾಮಿನಲ್ಲಿ ಒಂದು ದಿಬ್ಬಣದ ಬಾಡಿಗೆಯನ್ನು ಬಿಟ್ಟುಕೊಡುವುದೆಂದರೆ ಮನೆಯ ರೇಷನ್ ಬಿಟ್ಟುಕೊಟ್ಟಂತೆ. ಬೇಡವೆಂದವನ ಗಿರಾಕಿಗಳು ಪಕ್ಕದ ಗಾಡಿಗೆ ಹೋಗುತ್ತಾರೆ, ಆ ಪಕ್ಕದ ಗಾಡಿಯೂ ಹಲವು ಸಲ ನಮ್ಮವರದೇ. ಒಬ್ಬೊಬ್ಬನೇ ನಿಂತರೆ ಸೋಲುತ್ತಾನೆ. ಬೀದರ್, ಭಾಲ್ಕಿ, ಔರಾದಿನ ಜಮಾಅತ್‌ಗಳು ಹಂಗಾಮು ಆರಂಭವಾಗುವ ಮುನ್ನವೇ ಚಾಲಕರನ್ನು ಮಸೀದಿಗೆ ಕರೆದು ಕೂರಿಸಿ ಮಾತನಾಡಲಿ. ಮದ್ಯವನ್ನು ಗಾಡಿಯಲ್ಲಿ ಇಡುವುದಿಲ್ಲವೆಂಬ ಷರತ್ತನ್ನು ಮುಂಗಡ ಪಡೆಯುವ ಮೊದಲೇ ಎಲ್ಲರೂ ಒಟ್ಟಾಗಿ ಹೇಳಲಿ. ನಮ್ಮ ಮನೆಗಳ ನಿಖಾಹ್, ಆಸ್ಪತ್ರೆ, ಉಮ್ರಾ ಪ್ರಯಾಣಗಳ ಬಾಡಿಗೆ ಮೊದಲು ಅವರಿಗೇ ಸಿಗಲಿ, ಅದೂ ಚೌಕಾಸಿಯಿಲ್ಲದೆ. ಬಾಡಿಗೆ ತಪ್ಪಿದ ತಿಂಗಳು ಕಂತು ಕಟ್ಟಲಾಗದವನಿಗೆ ಬೈತುಲ್ ಮಾಲ್‌ನಿಂದ ಬಡ್ಡಿರಹಿತ ಸಾಲ ದೊರೆಯಲಿ. ಖುತ್ಬಾದಲ್ಲಿ ಹತ್ತು ಮಂದಿಯ ಹದೀಸನ್ನು ಓದುವ ಶುಕ್ರವಾರವೇ ಈ ವ್ಯವಸ್ಥೆಯ ಘೋಷಣೆಯೂ ಆದರೆ, ಹಿಂದಿನ ಸಾಲಿನಲ್ಲಿ ಕುಳಿತ ಚಾಲಕನಿಗೆ ಮನೆಗೆ ಹೋಗಿ ಹೆಂಡತಿಗೆ ಹೇಳಲು ಒಂದು ಮಾತಿರುತ್ತದೆ.