ಮೈಲು ಉಳಿಯಿತು, ವಿಮಾನ ಹೋಯಿತು

ಕೆ.ಬಿ. ಬಡಾವಣೆಯ ನಮ್ಮ ರೂಮಿನ ನಾಲ್ವರಲ್ಲಿ ಯಾರೂ ಇನ್ನೂ ವಿಮಾನ ಹತ್ತಿಲ್ಲ. ಆದರೆ ಮೊಬೈಲಿನಲ್ಲಿ ಪಾಯಿಂಟ್ಸ್ ಕೂಡಿಡದವರೂ ಯಾರಿಲ್ಲ. ರೀಚಾರ್ಜ್ ಮಾಡಿದರೆ ಇಷ್ಟು, ಊಟ ತರಿಸಿದರೆ ಅಷ್ಟು. ಈ ಆಟವನ್ನು ದೊಡ್ಡ ಮಟ್ಟದಲ್ಲಿ ಆಡಿದವರು ವಿಮಾನ ಕಂಪನಿಗಳವರು. ಅದು ಕೈಕೊಟ್ಟ ಕಥೆಗೆ ದೂರ ಹೋಗಬೇಕಿಲ್ಲ, ಬೆಂಗಳೂರಿನಲ್ಲೇ ಇದೆ.

ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಾಟ ಶುರು ಮಾಡಿದ್ದು 2005ರಲ್ಲಿ. ಅದರ ‘ಕಿಂಗ್ ಕ್ಲಬ್’ ಸದಸ್ಯರಿಗೆ ಹಾರಿದಷ್ಟೂ ಮೈಲುಗಳು ಜಮಾ. ಮೈಲು ಹೆಚ್ಚಿದಂತೆ ಕಾರ್ಡಿನ ದರ್ಜೆಯೂ ಏರುತ್ತಿತ್ತು, ಸಾಕಷ್ಟು ಕೂಡಿದರೆ ಟಿಕೆಟ್ಟೇ ಉಚಿತ. ಕಚೇರಿ ಕೆಲಸಕ್ಕೆ ಓಡಾಡುವವರಿಗಂತೂ ಸುಗ್ಗಿ: ಟಿಕೆಟ್ಟಿನ ದುಡ್ಡು ಕಂಪನಿಯದು, ಮೈಲು ತಮ್ಮದು! ಮುಂದೆ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಕೂಡ ಮಲ್ಯ ಅವರ ಕೈಸೇರಿತು. ಸಾಲ ಬೆಳೆಯಿತು, ಇಂಧನ ದುಬಾರಿಯಾಯಿತು. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. ಕಾರ್ಡುಗಳು ಜೇಬಿನಲ್ಲೇ ಇದ್ದವು, ಹತ್ತಲು ವಿಮಾನ ಇರಲಿಲ್ಲ.

ನಾವು ಬಹುಮಾನ ಎಂದುಕೊಳ್ಳುವ ಪಾಯಿಂಟ್, ನಿಜದಲ್ಲಿ ಕಂಪನಿ ನಮಗೆ ಉಳಿಸಿಕೊಂಡ ಬಾಕಿ. ಬಾಕಿದಾರ ಯಾರು ಎಂಬುದೇ ಮುಖ್ಯ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ ಅದರ ಸದಸ್ಯರ ಮೈಲು ಉಳಿಯಿತು. ಏಕೆಂದರೆ ಆ ಯೋಜನೆ ಅಷ್ಟರಲ್ಲಿ ಬೇರೆಯೇ ಕಂಪನಿಯಾಗಿತ್ತು, ಅದರ ಹೆಚ್ಚಿನ ಪಾಲು ಅಬುಧಾಬಿಯ ಎತಿಹಾದ್ ಬಳಿ ಇತ್ತು. ಅದೇ ವರ್ಷ ಅದು ‘ಇಂಟರ್‌ಮೈಲ್ಸ್’ ಎಂದು ಹೆಸರು ಬದಲಿಸಿ ವ್ಯವಹಾರ ಮುಂದುವರಿಸಿತು.

ಮೈಲು ಕಳೆದುಕೊಂಡವರಿಗೆ ಒಂದು ಪ್ರವಾಸ ತಪ್ಪಿರಬಹುದು. ಕಿಂಗ್‌ಫಿಷರ್ ನೌಕರರ ಪಾಡು ಬೇರೆ. ವಿಮಾನ ನಿಲ್ಲುವ ಮೊದಲೇ ಅವರಿಗೆ ತಿಂಗಳುಗಟ್ಟಲೆ ಸಂಬಳ ಸಿಕ್ಕಿರಲಿಲ್ಲ, ಎಂಜಿನಿಯರುಗಳು ಮುಷ್ಕರ ಹೂಡಿದ್ದರು. ಹತ್ತಿ ಗಿರಣಿಗಳು ಮುಚ್ಚಿದ್ದನ್ನು ಕಂಡ ದಾವಣಗೆರೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಕೆಲಸ ಹುಡುಕುವ ನಾವು ಮರೆಯುತ್ತೇವೆ. ‘ಒಂದು ವರ್ಷ ಇದ್ದರೆ ಬೋನಸ್, ಎರಡು ವರ್ಷ ಇದ್ದರೆ ಷೇರು’ ಎಂದರೆ ಸಾಕು, ಅದನ್ನೂ ಸಂಬಳಕ್ಕೆ ಕೂಡಿಸಿ ಮನೆಗೆ ಫೋನ್ ಮಾಡುತ್ತೇವೆ. ಅದೂ ಒಂಥರಾ ಮೈಲೇ ಅಲ್ಲವೇ? ಕೈಗೆ ಬರುವುದೆಷ್ಟು, ಈಗ ಇರುವವರಿಗೆ ತಿಂಗಳ ಸಂಬಳ ಸರಿಯಾಗಿ ಬರುತ್ತಿದೆಯೇ ಎಂದು ಕೇಳಲು ಮಾತ್ರ ಸಂಕೋಚ. ನನ್ನ ರೂಮ್‌ಮೇಟ್ ಕಳೆದ ವಾರದ ಸಂದರ್ಶನದಲ್ಲಿ ಕೇಳಿಯೇಬಿಟ್ಟ. ಎದುರಿಗಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೇಲ್ ಮಾಡ್ತೀವಿ’ ಅಂದರಂತೆ. ಇನ್ನೂ ಬಂದಿಲ್ಲ.